ಚಂದ್ರಿಯ ಹೇಳಿಕೆ

ದನಗಳನ್ನು ಮಾತಾಡಿಸುವ ಕೊರಳಪಟ್ಟಿ ಬಂದಾಗಿನಿಂದ ಜಾನುವಾರು ಪ್ರದರ್ಶನದ ಆರೋಗ್ಯ ಫಾರ್ಮಿಗೆ ನಮ್ಮ ಮಾತು ನಡೆಯುವುದಿಲ್ಲ, ದನವೇ ಹೇಳಬೇಕು. ಹೋದ ವರ್ಷ ನನ್ನ ಆಕಳು ಚಂದ್ರಿ "ಒಮ್ಮೆ ಕೆಮ್ಮಿದ್ದೆ" ಅಂದು ಬಾಗಿಲಿಂದಲೇ ವಾಪಸಾಗಿತ್ತು. ಅದಕ್ಕೇ ಈ ಸಲ ವಾರವಿಡೀ ಹಿಂಡಿ ತಿನ್ನಿಸುತ್ತ ಕಲಿಸಿದ್ದೆ, ಏನು ಕೇಳಿದರೂ ಇಲ್ಲ ಅನ್ನಬೇಕು ಅಂತ.

"ಜ್ವರ ಬಂದಿತ್ತೇನು?" ಪ್ರದರ್ಶನದ ಬಾಗಿಲಲ್ಲಿ ದನದ ಡಾಕ್ಟರ್ ಮಡಿವಾಳಯ್ಯ ಚಂದ್ರಿಯನ್ನು ಕೇಳಿದರು.

"ಇಲ್ಲ."

"ಬಾಯಿಹುಣ್ಣು?"

"ಇಲ್ಲ."

ನಾನು ಹೆಮ್ಮೆಯಿಂದ ಅದರ ಬೆನ್ನು ಸವರಿದೆ.

"ಲಸಿಕೆ ಹಾಕಿಸ್ಯಾರೇನು?"

"ಇಲ್ಲ."

ನನ್ನ ಕೈ ಅಲ್ಲೇ ನಿಂತಿತು. "ಹಾಕ್ಸೀನ್ರಿ, ಚೀಟಿ ಐತಿ," ಅಂದೆ.

"ಸುಮ್ಮನಿರಬೇ, ಚೀಟಿ ಕಾಲ ಹೋತು," ಅಂದವರು ಫಾರ್ಮಿನ ಕೊನೆಯ ಸಾಲು ಓದಿದರು. "ಇಲ್ಲಿ ಮಟ ಹೇಳಿದ್ದೆಲ್ಲ ಖರೆ ಏನು?"

"ಇಲ್ಲ," ಅಂದ ಚಂದ್ರಿ ಹಿಂಡಿಗಾಗಿ ನನ್ನ ಕಡೆ ನೋಡಿತು.

ಡಾಕ್ಟರು ಫಾರ್ಮು ಹರಿದರು. "ಹೊಸಾದು ತಗೊಂಡು ಪಾಳಿಗೆ ನಿಲ್ಲು. ಈ ಸಲ ಏನೂ ಕಲಿಸಬ್ಯಾಡ."

ನಮ್ಮ ಮುಂದೆ ನಲವತ್ತು ದನ ನಿಂತಿದ್ದವು. "ಅವ್ವಾ, ಲಸಿಕೆ ಅಂದ್ರೇನು?" ಚಂದ್ರಿ ಮೆಲ್ಲಗೆ ಕೇಳಿತು.

"ಕುತ್ತಿಗಿಗೆ ಸೂಜಿ ಚುಚ್ಚಿದ್ರಲ್ಲ, ಅದು."

"ಅದಾ? ಚುಚ್ಚಿದ ಡಾಕ್ಟರಗ ಒದ್ದೆನಲ್ಲ, ಅದನ್ನೂ ಹೇಳ್ಲೇನು?"

ಬ್ಯಾಡ ಅನ್ನಲು ಬಾಯಿ ತೆರೆದವಳು, ಹಾಗೇ ಮುಚ್ಚಿಕೊಂಡೆ.