ಅಪ್ಪನ ಇವತ್ತಿನ ವಯಸ್ಸು

“ನಿಮ್ಮಪ್ಪಂಗೆ ಇವತ್ತು ಇಪ್ಪತ್ತೆರಡು ಕಣೆ! ನನ್ನನ್ನೇ ‘ಯಾರಜ್ಜಿ ನೀವು’ ಅಂತಾರೆ,” ಅಮ್ಮ ಕಾಫಿ ಸೋಸುತ್ತ ನಕ್ಕಳು.

ವಯಸ್ಸಾದವರು ಬೆಳಗ್ಗೆ ಯಾವುದೋ ಹಳೆಯ ವಯಸ್ಸಿನಲ್ಲಿ ಎದ್ದು, ಬಿಸಿಲೇರಿದ ಮೇಲೆ ಸರಿಹೋಗುವುದು ಎಲ್ಲರ ಮನೆಯಲ್ಲೂ ಇದ್ದದ್ದೇ. ಆದರೆ ಹೇಮಾವತಿ ಈಗಲೇ ಹೊರಡಬೇಕು. ಅಪ್ಪನ ಆಶೀರ್ವಾದವಿಲ್ಲದೆ ಹೇಗೆ ಹೋಗುವುದು? ಅವಳು ಕಾಲಿಗೆ ಬಿದ್ದಳು.

ಅಪ್ಪ ಗಾಬರಿಯಾಗಿ ಹಿಂದೆ ಸರಿದ. “ಏಳಮ್ಮ, ಏನಿದು! ಖಾಕಿ ಬೇರೆ ಹಾಕಿದೀಯ? ನಾನೂ ಕಂಡಕ್ಟರೇ.”

“ನಾನು ಡ್ರೈವರ್ ಸಾರ್. ಇವತ್ತೇ ಮೊದಲನೇ ಟ್ರಿಪ್ಪು.”

“ಹೆಣ್ಮಗಳು ಬಸ್ ಓಡ್ಸೋದಾ! ನಿಮ್ಮಪ್ಪ ಪುಣ್ಯವಂತ ಕಣಮ್ಮ. ನಂಗೂ ಇಂಥ ಮಗಳೇ ಹುಟ್ಲಿ.”

“ಹುಟ್ತಾಳೆ ಸಾರ್.”

ರಾತ್ರಿ ಬೀದಿಯಲ್ಲೇ ತಂಗಿದ್ದ ಬಸ್ಸನ್ನು ಅವಳು ಹತ್ತಿದಳು. ಅಪ್ಪ ಪಂಚೆ ಎತ್ತಿಕಟ್ಟಿ ಬಂದು, ಬಸ್ಸಿನ ಮೈಗೆ ಎರಡು ಸಲ ಬಡಿದು, ಬೀದಿಗೆಲ್ಲ ಕೇಳುವಂತೆ “ರೈಟ್, ರೈಟ್!” ಎಂದು ಕೂಗಿದ.