ಮುಂದೆ ಬಂದ ಎಡತೋಳು

ಬಾಗಿಲು ಕಾಯುವವನು ದೊಡ್ಡಕ್ಕನ ಚೀಲಕ್ಕೆ ಕೈಹಾಕಿ, ಹಾವು ಹಿಡಿದವನಂತೆ ಟೇಪನ್ನು ಎತ್ತಿ ತೋರಿಸಿದ.

“ಇದೇನಮ್ಮ?”

“ಅಳತೆ ಟೇಪು.”

“ಜಾಕೆಟ್ ನೋಡೋಕೆ ಬಂದೋರಿಗೆ ಟೇಪು ಯಾಕೆ?”

“ನನ್ನ ಮೈ ಅಳತೆ ನನಗೇ ಮರೆತುಹೋಗುತ್ತೆ,” ಎಂದಳು ದೊಡ್ಡಕ್ಕ. ಸುಳ್ಳು ಹೇಳಿ ಅಭ್ಯಾಸವಿಲ್ಲದ ಬಾಯಿ. ಹೇಳಿದ ಮರುಗಳಿಗೆಯೇ ಮನಸ್ಸಿನಲ್ಲಿ ದೇವರಿಗೊಂದು ತಪ್ಪೊಪ್ಪಿಗೆ ಸಲ್ಲಿಸಿದಳು.

ಸಾಲಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ಟೇಪು ಅವನ ಜೇಬು ಸೇರಿತು.

ಅಂಗಡಿಯ ಮುಂದೆ ಇನ್ನೂರು ಜನ. ಒಳಗಿದ್ದದ್ದು ನಲವತ್ತು ಜಾಕೆಟ್. ಬೂದು ಬಣ್ಣ, ಬೆನ್ನ ಮೇಲೆ ಒಂದಕ್ಷರವೂ ಇಲ್ಲ. ಮಹಿಮೆಯೆಲ್ಲ ಎಡತೋಳಿನದು. ಯಾರು ತೊಟ್ಟರೂ ಅವರ ಎಡಗೈ ತನ್ನಷ್ಟಕ್ಕೆ ತಾನೇ ಮುಂದಕ್ಕೆ ಬಂದು ನಿಲ್ಲುತ್ತಿತ್ತು, ಎದುರು ಕಾಣದ ಯಾರಿಗೋ ಕೈಕೊಡಲು ಹೊರಟಂತೆ. ಅಂಗಡಿಯ ಯಜಮಾನ ಒಂದು ತಿಂಗಳಿಂದ ಎಲ್ಲರ ಫೋನಿನಲ್ಲೂ ಸಾರುತ್ತಿದ್ದ: ನಲವತ್ತೇ ನಲವತ್ತು. ನಲವತ್ತೊಂದನೆಯದು ಹುಟ್ಟುವುದಿಲ್ಲ.

ದೊಡ್ಡಕ್ಕನಿಗೆ ಕೊಳ್ಳುವ ಮಾತಿರಲಿಲ್ಲ. ಜಾಕೆಟ್ಟಿನ ಒಳಮೈಯನ್ನು ಐದು ನಿಮಿಷ ಕಣ್ತುಂಬ ನೋಡಿದರೆ ಸಾಕಿತ್ತು. “ನೋಡ್ಕೊಂಡು ಬರದಿದ್ರೆ ನಾಳೆಯಿಂದ ಮನೇಲೇ ಇರು,” ಎಂದಿದ್ದ ಗಾರ್ಮೆಂಟ್ಸಿನ ಮೇಸ್ತ್ರಿ. “ಎಲ್ಲಿಂದ ಬಂದೆ ಅಂತ ಯಾರಾದ್ರೂ ಕೇಳಿದ್ರೆ ಬಾಯಿ ಬಿಡಬೇಡ.” ಹದಿನೆಂಟು ವರ್ಷ ಒಂದೇ ಹೊಲಿಗೆ ಯಂತ್ರದ ಮುಂದೆ ಕೂತವಳು. ಅಲ್ಲಿಂದ ಎಬ್ಬಿಸಿದರೆ ಇನ್ನೆಲ್ಲಿ ಕೂರಬೇಕೆಂದು ಅವಳಿಗೆ ತಿಳಿಯದು.

ಹಿಂದೆ ನಿಂತಿದ್ದ ಹಸಿರು ಕೂದಲಿನ ಹುಡುಗಿ ಮುಂದಕ್ಕೆ ಬಾಗಿದಳು.

“ಯಾರಿಗೆ ಆಂಟಿ? ಮಗನಿಗಾ?”

“ಒಬ್ಬರಿಗೆ ಅಂತ ಇಲ್ಲ ಕಂದಾ.”

“ಓಹೋ. ಮಾರೋಕೆ.”

“ಮಾರೋದು ನನ್ನ ಕೆಲಸ ಅಲ್ಲ.”

ಹುಡುಗಿ ಒಂದು ಹೆಜ್ಜೆ ಹಿಂದೆ ಸರಿದು ನಿಂತಳು.

ಹಣವಿದ್ದವರನ್ನೆಲ್ಲ ಒಳಗೆ ಬಿಡುವ ಅಂಗಡಿಯಲ್ಲ ಅದು. ಬಾಗಿಲಲ್ಲಿ ಒಂದು ಪ್ರಶ್ನೆ ಇರುತ್ತಿತ್ತು. ಎಡತೋಳು ಯಾಕೆ ಮುಂದೆ ಬರುತ್ತದೆ? ದೊಡ್ಡಕ್ಕನ ಮುಂದಿದ್ದ ಗಡ್ಡದವನು ಕೈಕಟ್ಟಿ, ಪದ್ಯ ಒಪ್ಪಿಸುವ ಮಗುವಿನಂತೆ, “ನಾಳೆ ಅನ್ನೋದು ಬಲಗೈಗೋಸ್ಕರ ಕಾಯಲ್ಲ,” ಎಂದ. ಬಾಗಿಲು ತೆರೆಯಿತು.

“ನೀವು ಹೇಳಿ ಅಮ್ಮ. ಯಾಕೆ ಮುಂದೆ ಬರುತ್ತೆ?”

ಒಂದೇ ದಿನ ಎರಡು ಸುಳ್ಳು ದೊಡ್ಡಕ್ಕನಿಂದಾಗಲಿಲ್ಲ. “ತೋಳು ಕೂರಿಸಿದೋಳು ನಿದ್ದೆಗಣ್ಣಲ್ಲಿ ಇದ್ದಳು ಅಂತ ಕಾಣುತ್ತೆ.”

ಬಾಗಿಲು ಕಾಯುವವನಿಗೆ ನಿಜಕ್ಕೂ ನೋವಾಯಿತು. “ಪಕ್ಕಕ್ಕೆ ಬನ್ನಿ. ಇದು ಎಲ್ಲರಿಗೂ ಅರ್ಥ ಆಗೋದಲ್ಲ.”

ಅವಳು ಗೋಡೆಗೆ ಒರಗಿ ನಿಂತಳು. ಅರ್ಧ ಗಂಟೆಗೆ ಹಸಿರು ಕೂದಲಿನ ಹುಡುಗಿ ಇಪ್ಪತ್ತಮೂರನೆಯ ಜಾಕೆಟ್ ತೊಟ್ಟು ಹೊರಬಂದಳು. ಎಡಗೈ ಮುಂದೆ, ಹುಡುಗಿ ಹಿಂದೆ. ತೋಳು ಎಳೆದತ್ತ ಹೋಗಿ ಕಂಬಕ್ಕೊಮ್ಮೆ ಡಿಕ್ಕಿ ಹೊಡೆದರೂ ಮುಖದಲ್ಲಿ ಧನ್ಯತೆ.

“ಕಂದಾ, ಕಂಕುಳ ಹತ್ತಿರ ದಾರ ಬಿಟ್ಟಿದೆ. ಬಿಚ್ಚಿಕೊಟ್ರೆ ಗಂಟು ಹಾಕಿಕೊಡ್ತೀನಿ.”

ಇದು ಸುಳ್ಳಲ್ಲ. ದಾರ ನಿಜಕ್ಕೂ ಬಿಟ್ಟಿತ್ತು. ಹುಡುಗಿ ಗಾಬರಿಯಿಂದ ಜಾಕೆಟ್ ಕಳಚಿ ಕೊಟ್ಟಳು.

ದೊಡ್ಡಕ್ಕ ಗಂಟು ಹಾಕಿದಳು. ಆಮೇಲೆ ತೋಳನ್ನು ಒಳಮೈ ಹೊರಗೆ ತಿರುವಿ, ಭುಜದ ಹೊಲಿಗೆಯಿಂದ ಬೆರಳಿಟ್ಟು ಅಳೆಯತೊಡಗಿದಳು. ಬಾಯಿ ಮೆಲ್ಲಗೆ ಗುನುಗುತ್ತಿತ್ತು: “ಭುಜದಿಂದ ಬೆರಳೆರಡು ಮುಂದೆ, ಸಣ್ಣ ನೆರಿಗೆ ಏಳೂ ಹಿಂದೆ...” ಅಜ್ಜಿ ಸಂಜೆಹೊತ್ತು ಹೇಳುತ್ತಿದ್ದ ಪದ್ಯಗಳ ಧಾಟಿ ಅದು. ಆ ಧಾಟಿಗೆ ಕೂರಿಸಿದ್ದನ್ನು ಅವಳು ಈವರೆಗೆ ಮರೆತದ್ದಿಲ್ಲ.

“ನೋಡ್ರೋ, ಅಳತೆ ತಗೋತಿದಾಳೆ,” ಎಂದ ಆಗಲೇ ಜಾಕೆಟ್ ತೊಟ್ಟು ಹೊರಬಂದಿದ್ದ ಗಡ್ಡದವನು. “ನಕಲಿ ಮಾಡೋ ಗ್ಯಾಂಗು.”

ಇನ್ನೂರು ಫೋನುಗಳು ಮೇಲೆದ್ದವು. ಹುಡುಗಿ ಜಾಕೆಟ್ ಕಿತ್ತುಕೊಂಡು ಮಗುವನ್ನು ಅಪ್ಪಿಕೊಂಡಂತೆ ಅಪ್ಪಿಕೊಂಡಳು. ಗದ್ದಲ ಕೇಳಿ ಯಜಮಾನನೇ ಹೊರಬಂದ. ಅಡಿಯಿಂದ ಮುಡಿಯವರೆಗೆ ಕಪ್ಪು ಬಟ್ಟೆ, ಮಾತು ಮಾತ್ರ ಹತ್ತಿಯಷ್ಟು ಮೃದು.

“ಅಮ್ಮಾ, ಅಳತೆ ಕದೀಬಹುದು. ಆತ್ಮ ಕದಿಯೋಕಾಗುತ್ತಾ? ತಿಪ್ಪರಲಾಗ ಹಾಕಿದ್ರೂ ಇಂಥ ತೋಳು ನಿಮ್ಮ ಕೈಯಲ್ಲಿ ಬರಲ್ಲ.”

“ಅದೇ ಭಯ ಸ್ವಾಮಿ ನನಗೂ,” ಎಂದಳು ದೊಡ್ಡಕ್ಕ.

ಜನ ಚಪ್ಪಾಳೆ ತಟ್ಟಿದರು. ಯಜಮಾನ ಅವರತ್ತ ತಿರುಗಿ, ನಲವತ್ತೊಂದನೆಯದು ಹುಟ್ಟುವುದಿಲ್ಲ ಎಂದು ಇನ್ನೊಮ್ಮೆ ಆಣೆ ಮಾಡಿದ. ದೊಡ್ಡಕ್ಕ ತಲೆ ತಗ್ಗಿಸಿ, ಪದ್ಯ ತುಳುಕದಂತೆ ತುಟಿ ಬಿಗಿಹಿಡಿದು, ಬೀದಿಯ ತಿರುವು ದಾಟಿ ಮೇಸ್ತ್ರಿಗೆ ಫೋನು ಹಚ್ಚಿದಳು.

“ಸಿಕ್ತು ಸಾರ್.”

“ಖಾತ್ರಿನಾ? ನಿನ್ನೆ ನೀನು ಆರು ಸಲ ಹೊಲಿದೆ. ಆರು ಸಲವೂ ತೋಳು ನೆಟ್ಟಗೇ ಬಂತು.”

“ಖಾತ್ರಿ ಸಾರ್. ಆ ನಲವತ್ತು ಹೊಲಿಯೋವಾಗ ನಾನು ಎಲ್ಲಿ ತಪ್ಪಿದ್ದೆ ಅಂತ ಈಗ ಬಾಯಿಪಾಠ ಆಗಿದೆ. ಅದು ನಮ್ಮ ಕೈಚಳಕ ಅಂತ ನಂಬಿಸಿ ಈ ಯಜಮಾನರಿಂದಲೇ ಇನ್ನೂ ನಾಲ್ಕು ಸಾವಿರ ಜಾಕೆಟ್ಟಿಗೆ ಆರ್ಡರ್ ಹಿಡಿದಿದೀರಲ್ಲ, ಅಷ್ಟಕ್ಕೂ ಹಾಗೇ ತಪ್ತೀನಿ.”