ಎಂಟನೆಯ ಹೆಸರು

ಟೇಪ್‌ರೆಕಾರ್ಡರು ಕ್ಯಾಸೆಟ್ಟಿನ ರೀಲನ್ನು ನುಂಗಿ ಗಕ್ಕನೆ ನಿಂತಿತು. ಇಳಕಲ್ಲಿನ ಆ ಶೆಡ್ಡಿನ ನಾಲ್ಕೂ ಕೈಮಗ್ಗಗಳು ಜೊತೆಗೇ ನಿಂತವು.

"ಯಾಕ ಬಂದ್ ಆತವ್ವಾ?" ಮುದುಕ ಅಂದಾನಪ್ಪ ಗಾಬರಿಯಾದ. ಟೇಪನ್ನು ಅವನು ಕೂರುವ ಹಲಗೆಯ ಮೇಲೇ ಇಡುತ್ತಿದ್ದರು. ಕಿವಿ ಪೂರಾ ಹೋದವನಿಗೆ ಮೈಗೆ ತಾಗಿ ಕೇಳುತ್ತಿದ್ದುದು ಇದೊಂದೇ ಹಾಡು.

ಸೀರೆ ನೇಯುವುದನ್ನು ನೋಡಲು ಎಂಬತ್ತೈದನೆಯ ಇಸವಿಯಲ್ಲಿ ಬಂದಿದ್ದ ಬಿಳಿಯನೊಬ್ಬ ಬಿಟ್ಟುಹೋದ ಕ್ಯಾಸೆಟ್ಟು. ಹೆವಿ ಮೆಟಲ್ ಅಂದಿದ್ದ. ಕಬ್ಬಿಣಕ್ಕೆ ಕಬ್ಬಿಣ ಬಡಿದಂಥ ಗಿಟಾರು, ಗಂಟಲು ಹರಿಯುವ ಕೂಗು. ಕೂಗುವುದೇನು? ಅವನ ಅಜ್ಜನ ಊರಿನ ಒಂಬತ್ತು ಕಮ್ಮಾರರ ಹೆಸರು, ಒಂದೊಂದಾಗಿ. ಅವನು ಅದನ್ನು ಹೇಳಿದಂದಿನಿಂದ ಶೆಡ್ಡಿನಲ್ಲಿ ದಿನಾ ಅದೇ ಹಾಡು. ಇಲ್ಲಿ ಸೀರೆಗೆ ಅಂಗಡಿಯ ಚೀಟಿ ಅಂಟಿಸುತ್ತಾರೆ. ನೇಯ್ದವನ ಹೆಸರು ಉಟ್ಟವಳಿಗೂ ಗೊತ್ತಿಲ್ಲ.

"ಪೀಡಾ ಹೋತು," ಎಂದ ಬಾಗಿಲಲ್ಲಿ ನಿಂತ ಸಾವಕಾರ ಹೊಳಬಸಪ್ಪ. "ಚಲೋ ಒಂದ್ ಭಜನಿ ಕ್ಯಾಸೆಟ್ ತರ್ತೇನಿ."

"ನಿಮ್ಮ ಭಜನಿ ಕಾಕಾಗ ಕೇಳಸ್ತೈತೇನ್ರಿ?" ಎಂದಳು ಶಿವಬಸವ್ವ. ಪ್ರತಿ ಸೀರೆಯ ಮೈಗೆ ಸೆರಗಿನ ಎಳೆಗಳನ್ನು ಕಣ್ಣಿಗೆ ಬೀಳದಂತೆ ಕೂಡಿಸುವವಳು ಅವಳು. ನುಜ್ಜಾದ ಗೇಣುದ್ದ ರೀಲನ್ನು ಕತ್ತರಿಸಿ ತೆಗೆದಳು. ಪಕ್ಕದ ಮಗ್ಗದ ನಜಮಾ ಉಗುರುಬಣ್ಣದ ಶೀಶೆ ಕೊಟ್ಟಳು.

"ತುದಿಗೆ ತುದಿ ಹಚ್ಚಿಬಿಡ, ಆತು."

"ಅಳತಿ ಕಮ್ಮಿ ಆಗತೈತಲ್ಲ ಹುಚ್ಚಿ!" ರೀಲಿನ ಕೊನೆಯ ಖಾಲಿ ಭಾಗದಿಂದ ಅಷ್ಟೇ ಉದ್ದ ಕತ್ತರಿಸಿ, ನಡುವೆ ಕೂಡಿಸಿ, ಆರುವ ತನಕ ಊದಿದಳು.

ಹಾಡು ಹೊರಟಿತು. ಏಳು ಹೆಸರು ಬಂದವು. ಎಂಟನೆಯದರ ಜಾಗದಲ್ಲಿ ಏನೂ ಇಲ್ಲ. ಹಲಗೆ ಸುಮ್ಮನಾಗಿದ್ದೇ ತಡ, ಅಂದಾನಪ್ಪ ಮಗ್ಗದಲ್ಲಿ ನೂಲು ಒತ್ತುವ ಹಣಿಗೆಯನ್ನು ಎಳೆದು ಬಡಿದ: ಧಡ್! ಹಿಂದೆಯೇ ಒಂಬತ್ತನೆಯ ಹೆಸರು ಬಂತು. ಎಲ್ಲರೂ ಗೊಳ್ಳೆಂದು ನಕ್ಕರು.

ಮರುದಿನ ಆ ಜಾಗಕ್ಕೆ ನಾಲ್ಕೂ ಮಗ್ಗಗಳು ಒಟ್ಟಿಗೆ ಬಡಿದವು. ವರ್ಷ ಎರಡಾದರೂ ತಪ್ಪಲಿಲ್ಲ. ಹುನಗುಂದದ ಬಸ್ಸಿನ ಡ್ರೈವರು ಆ ಧಡ್ ಕೇಳಲೆಂದೇ ಶೆಡ್ಡಿನ ಮುಂದೆ ನಿಲ್ಲಿಸಿ ಬೀಡಿ ಹಚ್ಚುತ್ತಿದ್ದ.

ಒಂದು ದಿನ ಟಪಾಲಿನಲ್ಲಿ ಬಿಳಿಯನ ಹೊಸ ಕ್ಯಾಸೆಟ್ಟು ಬಂತು. ನಮ್ಮ ಊರಲ್ಲಿ ಇನ್ನೂ ಇದನ್ನೇ ಹಾಡುತ್ತಾರೆ, ನಿಮ್ಮದು ಸವೆದಿರಬೇಕು ಎಂದು ಬರೆದಿದ್ದ. ಶಿವಬಸವ್ವ ಖುಷಿಯಿಂದ ಹಾಕಿದಳು. ಏಳು ಹೆಸರು ಬಂದವು. ಅಂದಾನಪ್ಪ ಹಣಿಗೆ ಎಳೆದು ಕಾದ. ಎಂಟನೆಯ ಹೆಸರು ಹಲಗೆಯನ್ನೇ ನಡುಗಿಸುತ್ತ ಬಂದು ಹೋಯಿತು. ಅವನ ಕೈ ಎಳೆದಲ್ಲೇ ನಿಂತಿತ್ತು.

"ಹಳೇದ ಹಾಕವ್ವಾ," ಎಂದ. "ಇದರಾಗ ನಾವಿಲ್ಲ."